ಸೊಟ್ಟ ಹಲ್ಲಿನ ಅಚ್ಚು

ಈ ವಯಸ್ಸಿನಲ್ಲೂ ನಾನು ಕಬ್ಬಿಣದ ಕಡಲೆ ಅಗಿದು ನುಂಗುತ್ತೇನೆ. ಬೇಕಾದರೆ ರಸ್ತೆಗೆ ಹಾಕುವ ಜಲ್ಲಿ ಒಂದು ಬುಟ್ಟಿ ತಂದಿಡಿ, ಅದನ್ನೂ ಹಿಟ್ಟು ಮಾಡಿ ತೋರಿಸುತ್ತೇನೆ. ಇದರಲ್ಲಿ ಅರ್ಧ ಸುಳ್ಳು, ಯಾಕೆಂದರೆ ಸದ್ಯಕ್ಕೆ ಮೇಲಿನ ಸಾಲಿನ ಹಲ್ಲು ಮಾತ್ರ ನನ್ನ ಬಾಯಲ್ಲಿದೆ. ಕೆಳಗಿನದು ಎಲ್ಲಿ ಹೋಯಿತು ಅಂತ ಆಮೇಲೆ ಹೇಳುತ್ತೇನೆ. ಎರಡೂ ಸಾಲು ಕಟ್ಟಿಕೊಟ್ಟವನು ಮೇಲಿನ ಮಹಡಿಯ ಹಲ್ಲಿನವನು. ಅವನಿಗೊಂದು ಅಭ್ಯಾಸವಿದೆ. ನಮ್ಮ ಬಾಯೊಳಗೆ ಮೇಣವನ್ನೋ ಅಂಟನ್ನೋ ತುಂಬಿ, ನಾವು ಹೂಂ ಅನ್ನಲೂ ಆಗದೆ ಉಹೂಂ ಅನ್ನಲೂ ಆಗದೆ ಕೂತಿರುವಾಗ ತನ್ನ ಮನಸ್ಸಿನಲ್ಲಿದ್ದದ್ದನ್ನೆಲ್ಲ ಬಿಚ್ಚಿ ಹರವುತ್ತಾನೆ. ಈ ಕಥೆಯಲ್ಲಿ ಅರ್ಧ ಹಾಗೆ ಅವನು ಹೇಳಿದ್ದು. ಇನ್ನರ್ಧ, ಬಾಯಿ ಕಟ್ಟಿದ್ದಾಗ ನನ್ನ ತಲೆ ಸುಮ್ಮನಿರಲಾರದೆ ಸೇರಿಸಿಕೊಂಡದ್ದು. ಎಲ್ಲಿ ಹೊಲಿಗೆ ಹಾಕಿದ್ದೇನೆ ಅಂತ ಹುಡುಕಬೇಡಿ, ಸಿಗುವುದಿಲ್ಲ.

ಒಂದು ರಜೆಯ ದಿನ ಬೆಳಿಗ್ಗೆ ಅವನು ಅಡುಗೆಮನೆಯ ಮೇಜಿನ ಮುಂದೆ ಕೂತು, ಕುಡಿದು ಮುಗಿದ ಚಹಾದ ಲೋಟವನ್ನೇ ಮತ್ತೆ ಮತ್ತೆ ತುಟಿಗೆ ತರುತ್ತಿದ್ದ. ಇನ್ನೊಂದು ಕೈ ಅಂಗಿಯ ಜೇಬಿನ ಮೇಲಿತ್ತು. ಜೇಬಿನಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿ. ಡಬ್ಬಿಯಲ್ಲಿ ಗಾಜಿನಷ್ಟು ತಿಳಿಯಾದ ಒಂದು ಕವಚ. ಹೆಂಡತಿಯ ಮಗಳು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ. ಹೀಗೇ ಬಿಟ್ಟರೆ ಹಲ್ಲೆಲ್ಲ ಸವೆದು ಮೊಂಡಾಗುತ್ತವೆ. ಮಲಗುವ ಮುಂಚೆ ಇದನ್ನು ಹಲ್ಲಿನ ಮೇಲೆ ಕೂರಿಸಿಕೊಂಡರೆ ಕಡಿದರೂ ಕವಚವೇ ಕಡಿಸಿಕೊಳ್ಳುತ್ತದೆ. ಇಂಥವನ್ನು ಅವನು ಕಣ್ಣುಮುಚ್ಚಿ ಮಾಡಬಲ್ಲ. ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಊರಿನ ಅರ್ಧ ಬಾಯಿಗಳಿಗೆ ಹಲ್ಲು ಕಟ್ಟಿದವನು ಅವನು. ಡಾಕ್ಟರು ಮುಂದೆ ಬಿಳಿ ಕೋಟು ಹಾಕಿಕೊಂಡು ನಗುತ್ತಾರೆ, ಇವನು ಹಿಂದೆ ಅಚ್ಚು ಹೊಯ್ಯುವ ಬಿಳಿ ಗಾರೆ ಮೆತ್ತಿದ ಕೈಯಲ್ಲಿ ಬೇರೆಯವರ ನಗು ತಯಾರಿಸುತ್ತಾನೆ. ಆದರೂ ಈ ಒಂದು ಡಬ್ಬಿ, ಪರೀಕ್ಷೆಗೆ ಹೋಗುವವನ ಜೇಬಿನಲ್ಲಿ ಪೆನ್ನು ಭಾರವಾಗುವ ಹಾಗೆ ಭಾರವಾಗಿತ್ತು.

ಸ್ನಾನದ ಮನೆಯಲ್ಲಿ ನಲ್ಲಿ ನಿಂತಿತು. ಇನ್ನೇನು ಅವಳು ಬರುತ್ತಾಳೆ ಅಂದುಕೊಂಡ. ಬಂದರೆ ಹೇಗೆ ಬರುತ್ತಾಳೆ ಅಂತಲೂ ಗೊತ್ತಿತ್ತು. ಮೊದಲು ಬಾಗಿಲಿನ ಚೌಕಟ್ಟಿಗೆ ಬೆರಳಿನ ಗೆಣ್ಣಿನಿಂದ ಒಂದು ಸಣ್ಣ ಬಡಿತ. ಊಟದ ಹೊತ್ತಾದರೆ ತಟ್ಟೆಗೆ ಚಮಚದ ಬಡಿತ. ಅವನು ಬಾಲ್ಕನಿಯಲ್ಲಿದ್ದರೆ ಕಿಟಕಿಯ ಗಾಜಿಗೆ. ಅವನು ಈ ಮನೆಗೆ ಬಂದು ಒಂದು ಬೇಸಿಗೆ ಹೋಗಿ ಇನ್ನೊಂದು ಬಂದಿದ್ದರೂ, ಆ ಹುಡುಗಿ ಅವನನ್ನು ಒಂದು ಸಲವೂ ಕರೆದಿರಲಿಲ್ಲ. ಮಾತಾಡುವುದಿಲ್ಲ ಅಂತಲ್ಲ, ಮಾತಾಡುತ್ತಾಳೆ, ಚೆನ್ನಾಗಿಯೇ ಮಾತಾಡುತ್ತಾಳೆ, ಗಿಳಿಗೆ ನಾಚಿಕೆಯಾಗಬೇಕು. ಆದರೆ ಕರೆಯುವುದಿಲ್ಲ. 'ಅಮ್ಮ ಊಟಕ್ಕೆ ಬರ್ಬೇಕಂತೆ' ಅನ್ನುತ್ತಾಳೆ ಗೋಡೆಯ ಗಡಿಯಾರಕ್ಕೆ ಹೇಳಿದ ಹಾಗೆ. 'ಯಾರೋ ಫೋನ್ ಮಾಡಿದ್ರು' ಅನ್ನುತ್ತಾಳೆ ಫ್ರಿಜ್ಜಿಗೆ. ಶುರುವಿನಲ್ಲಿ ಅವನಿಗೆ ಇದು ನೋವಾಗಿತ್ತು. ಆಮೇಲೆ, ತನಗೇ ಆಶ್ಚರ್ಯವಾಗುವಂತೆ, ಕುತೂಹಲವಾಯಿತು. ಒಂದು ಹೆಸರನ್ನು ಮುಟ್ಟದೆ ಇಡೀ ದಿನ ಮಾತಾಡುವುದೆಂದರೆ ಸಾಮಾನ್ಯ ಕೆಲಸವೇ? ಚಪ್ಪಲಿ ಕಳಚಿಟ್ಟು ಹಗ್ಗದ ಮೇಲೆ ನಡೆಯುವವರ ಹಾಗೆ ಅವಳು ಆ ಒಂದು ಪದದ ಸುತ್ತ ಬಳಸಿಕೊಂಡು ಹೋಗುವುದನ್ನು ಅವನು ಉಸಿರು ಹಿಡಿದು ನೋಡುತ್ತಿದ್ದ. ಇವತ್ತು ಎಡವುತ್ತಾಳೋ ಏನೋ. ಎಡವಿದರೆ ಬಾಯಿಂದ ಏನು ಬೀಳಬಹುದು?

ಅವಳನ್ನು ಎಲ್ಲರೂ ಕರೆಯುವುದು ಸೂಜಿ ಅಂತ. ಕಡ್ಡಿಯಂಥ ಮೈ, ಚುಚ್ಚುವಂಥ ನೋಟ. ಹಾಗೆ ಹೆಸರಿಟ್ಟವನು ಅವಳ ಅಪ್ಪ, ಊರ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವನು. ಅವಳ ಅಮ್ಮ ಕಾರು ಓಡಿಸಲು ಕಲಿಸುವವಳು. ಒಬ್ಬ ಮುಳುಗದೆ ಇರುವುದನ್ನು ಕಲಿಸುತ್ತಾನೆ, ಇನ್ನೊಬ್ಬಳು ಡಿಕ್ಕಿಯಾಗದೆ ಇರುವುದನ್ನು ಕಲಿಸುತ್ತಾಳೆ. ಇಬ್ಬರೂ ಸೇರಿ ಕಟ್ಟಿದ ಸಂಸಾರ ಮೊದಲು ಡಿಕ್ಕಿ ಹೊಡೆದು ಆಮೇಲೆ ಮುಳುಗಿತು. ಹೀಗೆ ಹೇಳಿ ನಗುವವಳು ಅವಳೇ, ಹಲ್ಲಿನವನ ಹೆಂಡತಿ. ಅವಳ ಕಲಿಕೆಯ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇದೆ. ಆ ಅಭ್ಯಾಸ ಮನೆಗೂ ಬಂದುಬಿಟ್ಟಿದೆ: ಗಂಡನೂ ಮಗಳೂ ಎದುರುಬದುರು ಕೂತು ಮಾತಿಗೆ ತೊಡಗಿದರೆ ಸಾಕು, ಮೇಜಿನ ಕೆಳಗೆ ಅವಳ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ಮದುವೆಯಾದ ಹೊಸತರಲ್ಲಿ ಅವಳು ಮಗಳ ಮುಂದೆ ಒಂದೊಂದೇ ಪದವನ್ನು ಬಟ್ಟೆಯಂಗಡಿಯವರ ಹಾಗೆ ಹರಡಿ ತೋರಿಸಿದ್ದಳು. ಅಂಕಲ್ ಅನ್ನು, ಚಿಕ್ಕಪ್ಪ ಅನ್ನು, ಬೇಡವಾದರೆ ಹೆಸರು ಹಿಡಿದೇ ಕರಿ, ಅವನೇನೂ ಅಂದುಕೊಳ್ಳೋನಲ್ಲ. ಹುಡುಗಿ ಎಲ್ಲವನ್ನೂ ಕೇಳಿ, ಬಣ್ಣ ಹಿಡಿಸದವರ ಹಾಗೆ ಎದ್ದುಹೋಗಿದ್ದಳು. ಅವನು ಪಕ್ಕದ ಕೋಣೆಯಲ್ಲಿ ಅಂಗಿಗೆ ಗುಂಡಿ ಹಾಕುತ್ತ, ಮಾರಾಟವಾಗದೆ ಮಡಚಿಟ್ಟ ಬಟ್ಟೆಯ ಹಾಗೆ ನಿಂತಿದ್ದ.

ಸ್ಕೂಲಿನ ಗೇಟಿನಲ್ಲಿ ಒಂದು ಸಲ ಅವಳ ಟೀಚರು ಎದುರಾದರು. ಹೆಂಡತಿಗೆ ಪಾಠವಿತ್ತು, ಕರೆದುಕೊಂಡು ಬರಲು ಅವನು ಹೋಗಿದ್ದ, ತಲೆ ಬಾಚಿಕೊಂಡು, ಉಗುರಿನ ಸಂದಿಯ ಗಾರೆಯನ್ನು ಉಜ್ಜಿ ತೊಳೆದುಕೊಂಡು. ಟೀಚರು ನಗುತ್ತ, ಇವರು ಯಾರಮ್ಮ ಅಂತ ಕೇಳಿದರು. ಅವನ ಎದೆ, ಗೋಡೆಗೆ ಒರಗಿಸಿಟ್ಟ ಸೈಕಲ್ಲು ಜಾರಿದ ಹಾಗೆ ಒಮ್ಮೆ ಜಾರಿತು. ಈಗ ಹೇಳಲೇಬೇಕು, ತಪ್ಪಿಸಿಕೊಳ್ಳಲು ದಾರಿಯಿಲ್ಲ ಅಂದುಕೊಂಡ. ಹುಡುಗಿ ಕಣ್ಣು ಪಿಳುಕಿಸದೆ, ಅಮ್ಮಂಗೆ ಇವತ್ತು ಬರೋಕಾಗಲಿಲ್ಲ ಮಿಸ್, ಅದಕ್ಕೆ ಬಂದಿದ್ದಾರೆ ಅಂದಳು. ಯಾರು ಅಂತ ಕೇಳಿದ್ದಕ್ಕೆ ಯಾಕೆ ಅಂತ ಉತ್ತರ. ಟೀಚರೂ ಒಪ್ಪಿಕೊಂಡು ತಲೆಯಾಡಿಸಿದರು. ಬರುವಾಗ ಬಸ್ಸಿನಲ್ಲಿ ಅವನಿಗೆ ಅವಮಾನವೂ ಆಗಿತ್ತು, ಮೆಚ್ಚುಗೆಯೂ ಆಗಿತ್ತು. ಎರಡೂ ಒಂದೇ ಸೀಟಿಗೆ ಒತ್ತಿಕೊಂಡು ಕೂತ ಪ್ರಯಾಣಿಕರ ಹಾಗೆ ಅವನೊಳಗೆ ಅಲುಗಾಡುತ್ತಿದ್ದವು. ಫೋನಿನಲ್ಲಿ ಗೆಳತಿಯೊಬ್ಬಳ ಹತ್ತಿರ ಅವಳು ಅವನನ್ನು 'ಹಲ್ಲು' ಅನ್ನುವುದನ್ನು ಒಂದು ಸಲ ಕೇಳಿಸಿಕೊಂಡಿದ್ದ. ಹಲ್ಲು ಇವತ್ತು ಮೊಟ್ಟೆ ಸೀಯಿಸಿಬಿಡ್ತು ಕಣೇ ಅಂದಿದ್ದಳು. ಆ ದಿನವೆಲ್ಲ ಅವನಿಗೆ ಒಂಥರಾ ಖುಷಿ. ಹಿಂದಿನಿಂದಾದರೂ ತನಗೊಂದು ಹೆಸರಿದೆ ಅಂತ.

ಬಾಗಿಲ ಚೌಕಟ್ಟು ಟಕ್ ಅಂದಿತು. ಅವಳು ಈಜಿನ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ರಜೆಯ ಬೆಳಿಗ್ಗೆ ಅಪ್ಪ ಸ್ಕೂಟರಿನಲ್ಲಿ ಬಂದು ಕೊಳಕ್ಕೆ ಕರೆದೊಯ್ಯುತ್ತಾನೆ, ಅದು ಮೊದಲಿನಿಂದ ನಡೆದು ಬಂದದ್ದು. ಹಲ್ಲಿನವನು ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಅವಳು ಮುಚ್ಚಳ ಬಿಚ್ಚಿ ನೋಡಿ, ಕಿಟಕಿಯ ಬೆಳಕಿಗೆ ಹಿಡಿದು, ಐಸ್ ಥರ ಇದೆ ಅಂದಳು. ಅವನಿಗೆ ಮೈ ಹಗುರಾಯಿತು. ಹಾಕಿಕೊಂಡು ನೋಡು, ಮೆತ್ತಗೆ ಒತ್ತು, ಹಿಂದಿನಿಂದ ಮುಂದಕ್ಕೆ ಅಂದ. ಅವಳು ಒತ್ತಿದಳು. ಒಂದು ಕಡೆ ಸರಿಯಾಗಿ ಕೂತಿತು. ಇನ್ನೊಂದು ಕಡೆ ಕೂರಲಿಲ್ಲ, ಕುಂಟುವ ಕುರ್ಚಿಯ ಹಾಗೆ ಎದ್ದುಕೊಂಡೇ ಇತ್ತು. ಇನ್ನೂ ಸ್ವಲ್ಪ ಒತ್ತು ಅಂದ. ಅವಳು ಒತ್ತಿದಳು, ಕಣ್ಣಲ್ಲಿ ನೀರು ಬಂತು, ತೆಗೆದು ಅಂಗೈ ಮೇಲಿಟ್ಟುಕೊಂಡಳು. ಅಂಗೈಯನ್ನು ಆ ಕಡೆ ಈ ಕಡೆ ತಿರುಗಿಸಿ, ಬೀದಿಯಲ್ಲಿ ಸಿಕ್ಕಿದ ಯಾವುದೋ ಹುಳುವನ್ನು ನೋಡುವ ಹಾಗೆ ಬಹಳ ಹೊತ್ತು ನೋಡಿದಳು.

"ಇದು ನನ್ನ ಬಾಯಲ್ಲ" ಅಂದಳು.

ಅವನು ನಕ್ಕ. ನಗು ಅರ್ಧಕ್ಕೇ ನಿಂತುಹೋಯಿತು.

"ಇದ್ರಲ್ಲಿ ನನ್ನ ಹಲ್ಲೆಲ್ಲಿ?" ಬೆರಳು ತುಟಿಯ ಎಡಕ್ಕೆ ಹೋಗಿ ಮೇಲಕ್ಕೆತ್ತಿತು. ಅಲ್ಲಿ, ಸಾಲಿನಲ್ಲಿ ಜಾಗ ಸಿಗದೆ ಪಕ್ಕದವನ ಹೆಗಲ ಮೇಲೆ ಕೈಹಾಕಿ ಮುಂದಕ್ಕೆ ಬಗ್ಗಿ ನಿಂತ ಹುಡುಗನ ಹಾಗೆ, ಒಂದು ಕೋರೆಹಲ್ಲು ಸೊಟ್ಟಗೆ ಹೊರಗೆ ಬಂದಿತ್ತು. ಕವಚದಲ್ಲಿ ಆ ಜಾಗ ಇರಲಿಲ್ಲ. ಅಲ್ಲಿ ಕವಚ ಅಂದವಾಗಿ, ನಯವಾಗಿ, ಎಲ್ಲ ಬಾಯಿಗಳೂ ಹೀಗಿರಬೇಕು ಎನ್ನುವಂಥ ಒಂದು ಬಾಗಿನಲ್ಲಿ ಹಾದುಹೋಗಿತ್ತು.

ಕೆಳಗೆ ಹಾರನ್ನು ಕೂಗಿತು. ಒಂದು ಸಲ, ಮತ್ತೊಂದು ಸಲ, ಆಮೇಲೆ ಹಾಡಿನ ಹಾಗೆ ಬಿಟ್ಟುಬಿಟ್ಟು. ಹುಡುಗಿ ಇಳಿಯದ್ದನ್ನು ನೋಡಿ ಅವಳ ಅಪ್ಪನೇ ಮೆಟ್ಟಿಲು ಹತ್ತಿ ಬಂದ. ಅವನು ಹತ್ತಿದರೆ ನನ್ನ ಮನೆಯ ಪಾತ್ರೆಗಳೆಲ್ಲ ಕುಣಿಯುತ್ತವೆ, ಅಷ್ಟು ಜೋರು ಹೆಜ್ಜೆ. ಕೊರಳಲ್ಲಿ ಸೀಟಿ, ಕಾಲಲ್ಲಿ ರಬ್ಬರ್ ಚಪ್ಪಲಿ, ಮೈಯೆಲ್ಲ ಕೊಳದ ಔಷಧಿಯ ವಾಸನೆ. ಅವನು ನಗುತ್ತಲೇ ಬರುತ್ತಾನೆ, ಬಾಗಿಲು ತೆರೆಯುವ ಮೊದಲೇ ನಗು ಒಳಗೆ ಬಂದಿರುತ್ತದೆ. ಆ ನಗುವಿನ ಎಡಗಡೆ, ಅದೇ ಜಾಗದಲ್ಲಿ, ಅದೇ ಸೊಟ್ಟ ಹಲ್ಲು. ಹಲ್ಲಿನವನು ಅದನ್ನು ಎಷ್ಟೋ ಸಲ ನೋಡಿದ್ದ, ಆದರೆ ಆ ಬೆಳಿಗ್ಗೆ ನೋಡಿದ ಹಾಗೆ ನೋಡಿರಲಿಲ್ಲ. ಅಚ್ಚು ಒತ್ತಿ ತೆಗೆದ ಹಾಗಿತ್ತು. ಅದೇ ಬಾಗು, ಅದೇ ತುಂಟತನ.

"ಏನ್ ಸಾರ್, ಬೆಳ್‌ಬೆಳಿಗ್ಗೆ ನನ್ನ ಬಾಯೊಳಗೇ ನೋಡ್ತಿದ್ದೀರಾ? ಅಲ್ಲೇನೂ ಬಚ್ಚಿಟ್ಟಿಲ್ಲ ನಾನು" ಅಂದ ಈಜಿನವನು. ಹಲ್ಲಿನವನ ಕಿವಿ ಕೆಂಪಾಯಿತು. ಬನ್ನಿ, ಕೂತ್ಕೊಳ್ಳಿ, ಚಹಾ ಕುಡೀತೀರಾ ಅಂತ ಮೂರು ಮಾತನ್ನು ಒಂದಕ್ಕೊಂದು ಅಂಟಿಸಿ ಹೇಳಿದ. ಈಜಿನವನು ಬೇಡ ಅಂದು ಮಗಳ ಚೀಲ ಎತ್ತಿಕೊಂಡ. ಹುಡುಗಿ ಕವಚವನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದಳು. ಹೋಗುವಾಗ ಬಾಗಿಲಲ್ಲಿ ತಿರುಗಿ ನೋಡಿದಳು. ಅವನು ಏನಾದರೂ ಹೇಳುತ್ತಾನೇನೋ ಅಂತ ಕಾದ ಹಾಗಿತ್ತು. ಸರಿ ಮಾಡಿಕೊಡ್ತೀನಿ ಅಂದ. ಅವಳ ಮುಖ ಸ್ವಲ್ಪ ಬಾಡಿತು. ಅವಳ ಹಲ್ಲನ್ನೇ ಸರಿ ಮಾಡುತ್ತೇನೆ ಅಂದ ಹಾಗಾಯಿತು, ಸರಿ ಅನ್ನುವ ಆ ಮಾತನ್ನು ಆಡಬಾರದಿತ್ತು ಅಂತ ಅವನಿಗೆ ಹೊಳೆಯುವಷ್ಟರಲ್ಲಿ ಸ್ಕೂಟರು ಬೀದಿ ತಿರುಗಿ, ನಗುವೂ ಹಾರನ್ನೂ ಜೊತೆಯಲ್ಲಿ ಕರಗಿದ್ದವು.

ಆಸ್ಪತ್ರೆಗೆ ಬೀಗ ಹಾಕಿತ್ತು. ಹಿಂದಿನ ಕೋಣೆಯ ಕೀಲಿ ಅವನ ಹತ್ತಿರವೇ ಇರುತ್ತದೆ. ದಾರಿಯುದ್ದಕ್ಕೂ ಅವನು ತಪ್ಪನ್ನು ಬೇರೆಯವರ ತಲೆಗೆ ಕಟ್ಟಲು ನೋಡಿದ. ಅಚ್ಚಿನ ಪುಡಿ ಹಳೆಯದಿರಬೇಕು. ನೀರು ಹೆಚ್ಚಾಗಿರಬೇಕು. ಅಚ್ಚು ತೆಗೆಯುವಾಗ ಅವಳು ಅಲುಗಾಡಿದಳು, ಹೌದು, ಅಲುಗಾಡಿದಳು. ಅಲುಗಾಡದೆ ಏನು ಮಾಡುತ್ತಾಳೆ, ವಾಂತಿ ಬರುವ ಹಾಗಾಗಿತ್ತು ಪಾಪ. ಅಚ್ಚು ತೆಗೆದ ಆ ದಿನ ಮಧ್ಯಾಹ್ನ ಡಾಕ್ಟರು ಊಟಕ್ಕೆ ಹೋಗಿದ್ದಾಗ ಅವಳನ್ನು ಕರೆದುಕೊಂಡು ಬಂದಿದ್ದ. ಹಸಿರು ಪುಡಿಯನ್ನು ಅಂಟಾಗುವಂತೆ ಕಲಸಿ, ಹಲ್ಲಿನ ಸಾಲಿನ ಆಕಾರದ ಪುಟ್ಟ ಕಬ್ಬಿಣದ ತಟ್ಟೆಯಲ್ಲಿ ತುಂಬಿ, ಬಾಯಿಗೆ ಒತ್ತಿದ. ಓಕರಿಕೆ ಬಂದರೆ ಒಂದು ಕಾಲು ಮೇಲೆತ್ತು ಅಂದ. ಎತ್ತಿದ ಕಾಲಿನ ಮೇಲೆ ಗಮನ ಹೋದರೆ ಗಂಟಲು ಸುಮ್ಮನಾಗುತ್ತದೆ, ಇದು ಈ ಕೆಲಸದವರಿಗೆಲ್ಲ ಗೊತ್ತಿರುವ ಉಪಾಯ. ಅವಳು ಕಾಲೆತ್ತಿದಳು. ಸ್ಕೂಲಿನ ಬೂಟು, ಕೆಳಗೆ ಜಾರಿದ ಕಾಲುಚೀಲ. ಕಣ್ಣಲ್ಲಿ ನಗು ಇತ್ತು, ಬಾಯಲ್ಲಿ ನಗಲು ಜಾಗವಿರಲಿಲ್ಲ. ಆಗ ಅವನು ಹೇಳಿಬಿಟ್ಟಿದ್ದ: "ನೋಡು, ನನ್ನನ್ನ ಏನಂತಾದ್ರೂ ಕರಿ. ಕರೀದೇ ಇದ್ರೂ ಬೇಜಾರಿಲ್ಲ." ಹೇಳಿದ ಮರುಕ್ಷಣ ನಾಚಿಕೆಯಾಗಿತ್ತು. ಇಷ್ಟು ದಿನ ಹೇಳದವನು, ಅವಳ ಬಾಯಿ ತುಂಬಿಸಿ, ಉತ್ತರ ಬರುವ ದಾರಿಯನ್ನೆಲ್ಲ ಅಂಟಿನಿಂದ ಮುಚ್ಚಿ ಹೇಳಿದ್ದ. ಅದೂ ಸುಳ್ಳು ಹೇಳಿದ್ದ, ಬೇಜಾರಿತ್ತು, ಬೆಟ್ಟದಷ್ಟಿತ್ತು. ಅವಳು ಕಾಲು ಇಳಿಸಿದ್ದಳು, ಮೆಲ್ಲಗೆ. ಕಣ್ಣಿನ ನಗು ಆಚೆಗೆ ಹೋಗಿ ಅಲ್ಲಿ ಏನೋ ಯೋಚನೆ ಬಂದು ಕೂತಿತ್ತು. ತಟ್ಟೆ ಹೊರಗೆ ತೆಗೆದ ಮೇಲೆ ಅವಳು ಬಾಯಿ ಮುಕ್ಕಳಿಸಿದಳು, ಮನೆಗೆ ಹೋಗೋಣ ಅಂದಳು, ಅಷ್ಟೆ.

ಹಿಂದಿನ ಕೋಣೆಯಲ್ಲಿ ದೀಪ ಹಾಕಿದ. ಗೋಡೆಯ ಉದ್ದಕ್ಕೂ ಹಲಗೆಗಳ ಮೇಲೆ ಊರವರ ಬಾಯಿಗಳು ಸಾಲಾಗಿ ಕೂತಿದ್ದವು, ಬಿಳಿ ಗಾರೆಯ ಬಾಯಿಗಳು, ಎಲ್ಲವೂ ಏನೋ ಹೇಳಲು ಹೋಗಿ ತಡೆದುಕೊಂಡ ಹಾಗೆ. ಗಾರೆ ಹಸಿಯಾಗಿರುವಾಗಲೇ ಅಚ್ಚಿನ ಬುಡದಲ್ಲಿ ಮೊಳೆಯಿಂದ ಹೆಸರು ಗೀಚಿಡುವುದು ಅವನ ಪದ್ಧತಿ. ನಿಜವಾದ ಹೆಸರಲ್ಲ, ತನಗೆ ನೆನಪಿರುವ ಹೆಸರು. ಬ್ಯಾಂಕಿನ ಅಜ್ಜ. ಎರಡು ಮಿಠಾಯಿ ಒಟ್ಟಿಗೆ ತಿನ್ನುವವಳು. ನನ್ನದರ ಬುಡದಲ್ಲಿ 'ಕೆಳಮನೆ ಅಜ್ಜಿ, ಬಾಗಿಲಿಲ್ಲದ ಬಾಯಿ' ಅಂತ ಬರೆದಿದ್ದಾನಂತೆ, ಇರಲಿ, ಅದಕ್ಕೆ ಬೇರೆ ಲೆಕ್ಕ ಚುಕ್ತಾ ಮಾಡುತ್ತೇನೆ. ಕವಚ ಒತ್ತಿ ತೆಗೆದಿದ್ದ ಸೂಜಿಯ ಗಾರೆಯ ಅಚ್ಚು ಕೆಲಸದ ಮೇಜಿನ ತುದಿಯಲ್ಲಿತ್ತು. ದೀಪದ ಕೆಳಗೆ ತಂದು ನೋಡಿದ. ಸೊಟ್ಟ ಹಲ್ಲು ಇದ್ದ ಜಾಗದಲ್ಲಿ ಚಾಕುವಿನ ಗುರುತು ಸ್ಪಷ್ಟವಾಗಿತ್ತು. ಮುಂದೆ ಬಂದಿದ್ದ ಭಾಗವನ್ನು ಕೆತ್ತಿ, ಸಂದಿಗೆ ಮೇಣ ತುಂಬಿ, ಬೆರಳಿನಿಂದ ಸವರಿ ನಯ ಮಾಡಿದ್ದ. ಬಹಳ ಒಳ್ಳೆಯ ಕೆಲಸ. ಯಾರು ನೋಡಿದರೂ ಭೇಷ್ ಅನ್ನುವಂಥದ್ದು.

ಅವನಿಗೆ ಮಾಡಿದ ನೆನಪೇ ಇರಲಿಲ್ಲ. ಅಚ್ಚು ಹೊಯ್ಯುವಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ಗಾರೆಯ ಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ. ಅವನ್ನು ಕೆತ್ತಿ ತೆಗೆಯುವುದು ದಿನದ ಕೆಲಸ, ಕೈ ತಾನಾಗಿ ಮಾಡಿಕೊಂಡು ಹೋಗುತ್ತದೆ, ತಲೆ ರೇಡಿಯೋ ಕೇಳುತ್ತಿರುತ್ತದೆ. ಕೈ ಆ ಹಲ್ಲನ್ನೂ ಒಂದು ಗುಳ್ಳೆ ಅಂದುಕೊಂಡಿತು. ಹೀಗೆ ಅವನು ತನಗೆ ತಾನೇ ಹೇಳಿಕೊಂಡ, ಇನ್ನೊಮ್ಮೆ ಹೇಳಿಕೊಂಡ, ಎರಡನೆಯ ಸಲ ಹೇಳುವಾಗ ಅದು ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಗುಳ್ಳೆ ಎಲ್ಲಿ, ಕೋರೆಹಲ್ಲು ಎಲ್ಲಿ. ಇಷ್ಟು ವರ್ಷದ ಕೈಗೆ ಅಷ್ಟೂ ಗೊತ್ತಾಗದೇ? ಆ ಹಲ್ಲು ನಕ್ಕಾಗಲೆಲ್ಲ ಅವನ ಊಟದ ಮೇಜಿಗೆ ಇನ್ನೊಬ್ಬ ಬಂದು ಕೂರುತ್ತಿದ್ದ, ಸೀಟಿ ಕೊರಳಿಗೆ ಹಾಕಿಕೊಂಡು. ಹೆಂಡತಿ ಆ ಹಲ್ಲನ್ನು ನೋಡಿ ಒಂದೊಂದು ಸಲ ಸುಮ್ಮನಾಗುವುದನ್ನು ಅವನು ಕಂಡಿದ್ದ. ತಲೆಗೆ ಗೊತ್ತಿಲ್ಲದ್ದು ಕೈಗೆ ಗೊತ್ತಿತ್ತು. ಚಾಕು ಹಿಡಿದ ಕೈ ಒಂದು ಮಧ್ಯಾಹ್ನ, ರೇಡಿಯೋದಲ್ಲಿ ಯಾರೋ ಹವಾಮಾನ ಹೇಳುತ್ತಿರುವಾಗ, ಒಬ್ಬ ಅಪ್ಪನನ್ನು ಮೆಲ್ಲಗೆ ಕೆತ್ತಿ ಕಸದ ಬುಟ್ಟಿಗೆ ಉದುರಿಸಿತ್ತು. ಅವನು ಕಸದ ಬುಟ್ಟಿಯ ಕಡೆ ನೋಡಿದ ಕೂಡ. ಬುಟ್ಟಿ ಖಾಲಿಯಿತ್ತು.

ಅಚ್ಚನ್ನು ತಿರುಗಿಸಿದ. ಬುಡದಲ್ಲಿ ಏನೂ ಬರೆದಿರಲಿಲ್ಲ. ಈಗ ನೆನಪಾಯಿತು, ಇದು ಮಾತ್ರ ಚೆನ್ನಾಗಿ ನೆನಪಾಯಿತು. ಗಾರೆ ಹಸಿಯಿತ್ತು, ಮೊಳೆ ಕೈಯಲ್ಲಿತ್ತು, ಏನು ಬರೆಯಲಿ ಅಂತ ನಿಂತುಬಿಟ್ಟಿದ್ದ. ಸೂಜಿ ಅನ್ನೋಣವೆಂದರೆ ಅದು ಅವಳ ಅಪ್ಪ ಇಟ್ಟದ್ದು, ಬೇರೆಯವರ ಅಂಗಿ ತೊಟ್ಟ ಹಾಗೆ. ಸ್ಕೂಲಿನ ಹೆಸರು ಬರೆದರೆ ಹಾಜರಿ ಕರೆದ ಹಾಗೆ. ಮಗಳು ಅಂತ ಬರೆಯೋಣ ಅಂತ ಮೊಳೆ ಊರಿದ್ದ, ಒಂದು ಚುಕ್ಕೆಯಷ್ಟು. ಯಾರಾದರೂ ನೋಡಿ ನಕ್ಕರೆ? ಅವಳೇ ನೋಡಿ ನಕ್ಕರೆ? ಯೋಚಿಸುವಷ್ಟರಲ್ಲಿ ಗಾರೆ ಬಿಸಿಯಾಗಿ ಬಿಗಿದುಕೊಂಡಿತು. ಗಟ್ಟಿಯಾಗುವಾಗ ಗಾರೆ ಬಿಸಿಯಾಗುತ್ತದೆ, ಅಂಗೈಯಲ್ಲಿ ಪುಟ್ಟ ಜೀವವೊಂದು ಮಲಗಿದ ಹಾಗಿರುತ್ತದೆ. ಈಗಲೂ ಬುಡದಲ್ಲಿ ಆ ಒಂದು ಚುಕ್ಕೆ ಇತ್ತು. ಹೆಂಡತಿ ಒಂದು ಸಲ ಗೇರು ಬದಲಿಸುವಷ್ಟೇ ಸಲೀಸಾಗಿ ಕೇಳಿದ್ದಳು: ಅವಳು ಕರೆಯಲ್ಲ ಅಂತ ಕೊರಗ್ತೀಯಲ್ಲ, ನೀನು ನನ್ನ ಹತ್ರ ಮಾತಾಡುವಾಗ ಅವಳನ್ನ ಏನಂತೀಯ, 'ನಿನ್ನ ಮಗಳು' ಅಂತೀಯ, ಅವಳ ಹತ್ರ ಮಾತಾಡುವಾಗ 'ನೋಡು' ಅಂತೀಯ. ನೋಡು ಅನ್ನೋದು ಯಾರ ಹೆಸರು ಕಣೋ? ಆಗ ಅವನು ನಕ್ಕು ತಟ್ಟೆ ತೊಳೆಯಲು ಎದ್ದುಹೋಗಿದ್ದ. ಹಗ್ಗದ ಮೇಲೆ ನಡೆಯುವವಳನ್ನು ಕೆಳಗೆ ನಿಂತು ನೋಡುತ್ತಿದ್ದೇನೆ ಅಂದುಕೊಂಡಿದ್ದವನು ತಾನೂ ಹಗ್ಗದ ಮೇಲೇ ಇದ್ದ, ಇನ್ನೊಂದು ತುದಿಯಲ್ಲಿ.

ಹಿಂದಿನ ಬಾಗಿಲು ಟಕ್ ಅಂದಿತು.

ಒದ್ದೆ ಕೂದಲು, ಕಣ್ಣು ಕೆಂಪು, ಹೆಗಲಲ್ಲಿ ನೀರು ಸೋರುವ ಚೀಲ. ಅಮ್ಮ ಪಾಠಕ್ಕೆ ಹೋಗಿದ್ದಾಳೆ, ಮನೆಗೆ ಬೀಗ ಇತ್ತು, ಇಲ್ಲೇ ಇರಬಹುದು ಅನ್ನಿಸ್ತು, ಅಪ್ಪ ಇಳಿಸಿ ಹೋದ್ರು ಅಂದಳು. ಅಷ್ಟು ಹೇಳಿ, ಕರೆಯದೆ ಇರುವವರ ಎಂದಿನ ಜಾಣತನದಲ್ಲಿ ಕೋಣೆಯನ್ನೇ ನೋಡತೊಡಗಿದಳು. ಹಲಗೆಯ ಮೇಲಿನ ಅಚ್ಚುಗಳನ್ನು ಒಂದೊಂದಾಗಿ ಎತ್ತಿ, ತಿರುಗಿಸಿ, ಬುಡ ಓದಿ, ಕಿಸಕ್ಕನೆ ನಕ್ಕು, ಮತ್ತೆ ಇಡುತ್ತ ಬಂದಳು. ನನ್ನದನ್ನು ಓದಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ, ಇದನ್ನೂ ಆ ಲೆಕ್ಕಕ್ಕೇ ಸೇರಿಸಿದ್ದೇನೆ. ಹಾಗೇ ಬಂದು ಮೇಜಿನ ಮೇಲಿನದನ್ನು ಎತ್ತಿದಳು. ತಿರುಗಿಸಿದಳು. ಇನ್ನೂ ಹತ್ತಿರ ತಂದು ನೋಡಿದಳು.

"ಇದಕ್ಕೆ ಮಾತ್ರ ಯಾಕೆ ಏನೂ ಬರ್ದಿಲ್ಲ?"

ಸುಳ್ಳು ಬಹಳ ಇದ್ದವು. ಗಾರೆ ಬೇಗ ಒಣಗಿಬಿಟ್ಟಿತು, ಮೊಳೆ ಸಿಗಲಿಲ್ಲ, ಡಾಕ್ಟರು ಕರೆದರು. ಒಂದನ್ನು ಆರಿಸಿಕೊಂಡು ಬಾಯಿ ತೆರೆದ. ಆದರೆ ಅವಳ ಮುಖದಲ್ಲಿ ದೂರು ಇರಲಿಲ್ಲ. ಗಡಿಯಾರದ ಹಿಂಬದಿ ಬಿಚ್ಚಿ ನೋಡುವವರ ಮುಖ ಅದು. ಕೇಳಿದ್ದು ಜಗಳಕ್ಕಲ್ಲ, ನಿಜವಾಗಿಯೂ ತಿಳಿದುಕೊಳ್ಳಲು. ಅಂಥ ಮುಖದ ಮುಂದೆ ಸುಳ್ಳು ಹೇಳುವುದು, ಹಸಿ ಗಾರೆಯ ಮೇಲೆ ಕಾಲಿಟ್ಟ ಹಾಗೆ, ಗುರುತು ಉಳಿದುಬಿಡುತ್ತದೆ.

"ಏನಂತ ಬರೀಬೇಕೋ ಗೊತ್ತಾಗ್ಲಿಲ್ಲ" ಅಂದ. "ಆಮೇಲೆ ಆ ಹಲ್ಲನ್ನ ನಾನೇ ಕೆತ್ತಿ ತೆಗ್ದೆ. ಗೊತ್ತಿಲ್ದೆ ಅಂತ ಹೇಳ್ಬೋದು. ಆದ್ರೆ ಕೈಗೆ ಗೊತ್ತಿತ್ತು ಅನ್ಸುತ್ತೆ."

ಅವಳು ಕೆತ್ತಿದ ಜಾಗವನ್ನು ಉಗುರಿನಿಂದ ಮುಟ್ಟಿದಳು. ನಾಲಿಗೆ ಬಾಯೊಳಗೆ ತನ್ನ ಹಲ್ಲನ್ನು ಹುಡುಕಿಕೊಂಡು ಹೋದದ್ದು ಕೆನ್ನೆಯ ಮೇಲಿಂದ ಕಾಣಿಸಿತು.

"ಅಪ್ಪನ ಹಲ್ಲು ಕಂಡ್ರೆ ಆಗಲ್ವಾ?"

"ಆಗಲ್ಲ" ಅಂದ. ಅಷ್ಟು ಬೇಗ ಅಂದದ್ದಕ್ಕೆ ತಾನೇ ಬೆಚ್ಚಿದ. "ಆದ್ರೆ ನಿನ್ನ ಬಾಯಲ್ಲಿ ಚೆನ್ನಾಗಿದೆ. ಅದಿಲ್ದೆ ಇದು ಯಾರ್ದೋ ಬಾಯಿ ಥರ ಆಗ್ಬಿಟ್ಟಿದೆ, ನೋಡು."

ನೋಡು ಅಂದುಬಿಟ್ಟೆನಲ್ಲ ಅಂತ ನಾಲಿಗೆ ಕಚ್ಚಿಕೊಂಡ. ಅವಳು ನಿಜವಾಗಿಯೂ ನೋಡಿದಳು, ಅಚ್ಚನ್ನಲ್ಲ, ಅವನನ್ನು. ಇಷ್ಟು ಹೊತ್ತು, ಇಷ್ಟು ನೇರವಾಗಿ ಅವಳು ಹಿಂದೆಂದೂ ನೋಡಿರಲಿಲ್ಲ. ಹೊಸದಾಗಿ ಅಚ್ಚು ತೆಗೆಯಬೇಕಾಗುತ್ತದೆ, ಆ ಅಂಟನ್ನು ಮತ್ತೆ ಬಾಯಿಗೆ ಹಾಕಿಸಿಕೊಳ್ಳಬೇಕಾಗುತ್ತದೆ, ಇವತ್ತೇ ಬೇಡ, ಇಷ್ಟವಾದಾಗ ಅಂದ ಅವನು. ಅವಳು ಚೀಲವನ್ನು ಕೆಳಗಿಟ್ಟು ಒದ್ದೆ ತೋಳನ್ನು ಮೇಲಕ್ಕೆ ಮಡಚಿದಳು. ಆಗಲಿ, ಆದರೆ ಮೊದಲು ನಿಮ್ಮದು, ನಾನೇ ತೆಗೆಯುವವಳು ಅಂದಳು.

ಅವನು ನಕ್ಕ, ಅವಳು ನಗಲಿಲ್ಲ. ಹೀಗಾಗಿ ಊರಿನ ಅರ್ಧ ಬಾಯಿಗಳನ್ನು ಆಳಿದವನು ತನ್ನದೇ ಸ್ಟೂಲಿನ ಮೇಲೆ, ಕುತ್ತಿಗೆಗೆ ಟವೆಲು ಕಟ್ಟಿಸಿಕೊಂಡು, ಕುರಿಯ ಹಾಗೆ ಕೂತ. ಅವಳು ರಬ್ಬರ್ ಬಟ್ಟಲಿನಲ್ಲಿ ಹಸಿರು ಪುಡಿ ಸುರಿದು ನೀರು ಬೆರೆಸಿದಳು. ಗಂಟು ಕಟ್ಟುತ್ತಿದೆ, ಬಟ್ಟಲಿನ ಅಂಚಿಗೆ ಒತ್ತಿ ತಿಕ್ಕು ಅಂತ ಅವನು ಹೇಳಿಕೊಟ್ಟ. ಅರ್ಧ ಪುಡಿ ಅವಳ ಮೂಗಿನ ಮೇಲಿತ್ತು, ಕಾಲು ಭಾಗ ಗಾಳಿಯಲ್ಲಿತ್ತು, ಉಳಿದದ್ದು ತಟ್ಟೆಗೆ ಬಂತು. ಬಾಯಿ ತೆಗೀರಿ ಅಂದಳು. ಅವನು ತೆಗೆದ. ತಣ್ಣನೆಯ ಅಂಟು ಹಲ್ಲುಗಳ ಸುತ್ತ ಹರಿದು, ಅಂಗುಳಿಗೆ ಹತ್ತಿ, ಗಂಟಲ ಹತ್ತಿರ ಬಂದು ಬಾಗಿಲು ಬಡಿಯಿತು. ಇಷ್ಟು ವರ್ಷದಲ್ಲಿ ಎಷ್ಟು ಜನರ ಬಾಯಿಗೆ ತುಂಬಿದ್ದಾನೋ, ತನ್ನ ಬಾಯಿಗೆ ಬಂದದ್ದು ಇದೇ ಮೊದಲು. ಹೀಗಿರುತ್ತದೆಯೇ ಇದು ಅಂತ ಬೆರಗಾದ. ಇಡೀ ಮೈ ಒಂದು ಬಾಯಿಯಾಗಿ, ಆ ಬಾಯಿ ಬೇರೆಯವರದಾಗಿ, ಕಿವಿ ಮಾತ್ರ ತನ್ನದಾಗಿ ಉಳಿದ ಹಾಗೆ.

ಅವಳು ತಟ್ಟೆಯ ಹಿಡಿಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು ಅವನ ಹಣೆಯ ಹತ್ತಿರ ನಿಂತಿದ್ದಳು. ಕೂದಲಿನ ನೀರು ಅವನ ಕಿವಿಯ ಮೇಲೆ ತೊಟ್ಟಿಕ್ಕಿತು.

"ಅವತ್ತು ನನ್ನ ಬಾಯಿ ತುಂಬ್ಸಿ ನೀವು ಮಾತಾಡಿದ್ರಿ. ಈಗ ನಾನು" ಅಂದಳು. "ನಾನು ಕರೀದೇ ಇದ್ದಿದ್ದು ಕೋಪಕ್ಕಲ್ಲ. ಇರೋ ಹೆಸ್ರೆಲ್ಲ ಬೇರೆಯವ್ರದ್ದು. ಅಪ್ಪ ಅನ್ನೋದು ಅಪ್ಪಂದು. ಅಂಕಲ್ ಅಂದ್ರೆ ಬಸ್ಸಲ್ಲಿ ಸ್ವಲ್ಪ ಸರ್ಕೊಳ್ಳಿ ಅಂತೀವಲ್ಲ, ಅವ್ರು. ಚಿಕ್ಕಪ್ಪ ಅಂದ್ರೆ ನೀವು ಅಪ್ಪನ ತಮ್ಮ ಆಗ್ಬಿಡ್ತೀರ, ಅದು ನಿಮಗೂ ಬೇಡ ಅವ್ರಿಗೂ ಬೇಡ. ನಿಮಗೆ ಅಂತ ಒಂದು ಹುಡುಕ್ತಾ ಇದ್ದೆ. ನಿದ್ದೇಲೂ ಹುಡುಕ್ತಿದ್ನೇನೋ, ಅದಕ್ಕೇ ಹಲ್ಲು ಕಡೀತಿರ್ಬೇಕು."

ಅಂಟು ಅವನ ಗಂಟಲಿನತ್ತ ಜಾರಿತು. ಕಣ್ಣು ತುಂಬಿತು. ಹೂಂ ಅನ್ನಬೇಕೆನ್ನಿಸಿತು, ಹೂಂ ಅನ್ನಲು ಜಾಗವಿರಲಿಲ್ಲ. ಇಷ್ಟು ದಿನ ಇವಳು ಯಾರ ಮೇಲೆ ಹಲ್ಲು ಕಡಿಯುತ್ತಾಳೋ ಅಂತ ಅವನು ಗೋಡೆಯಾಚೆ ಮಲಗಿ ಕೇಳಿಸಿಕೊಂಡು, ತನ್ನ ಮೇಲೇ ಅಂತ ತೀರ್ಮಾನ ಮಾಡಿ, ಆ ಹಲ್ಲಿಗೆ ಕವಚ ಹೊದಿಸಲು ಹೊರಟಿದ್ದ.

"ಕಾಲೆತ್ತಿ, ಕಾಲೆತ್ತಿ" ಅಂದಳು ಅವಳು. ಅವನು ಎತ್ತಿದ. ಧೂಳು ಹಿಡಿದ ಚಪ್ಪಲಿಯ ಒಂದು ಕಾಲು ಗಾಳಿಯಲ್ಲಿ, ಮೇಲಕ್ಕೆ, ಇನ್ನೂ ಮೇಲಕ್ಕೆ. ಈಗ ಅವಳು ನಕ್ಕಳು. ಆ ಹಲ್ಲು ಪೂರ್ತಿ ಹೊರಗೆ ಬಂತು, ಅವನು ಕೆಳಗಿನಿಂದ ಅದನ್ನು ಇಷ್ಟು ಹತ್ತಿರ ಕಂಡ, ಬುಡದಲ್ಲೊಂದು ಸಣ್ಣ ಬಿಳಿ ಮಚ್ಚೆಯಿತ್ತು. ಅದು ಅವಳ ಅಪ್ಪನ ಹಲ್ಲಿನಲ್ಲಿ ಇರಲಿಲ್ಲ. ಅದು ಅವಳದೇ.

ಆಮೇಲೆ ಅವಳದೂ ಆಯಿತು, ಅವಳು ಕಾಲೆತ್ತಿದ್ದೂ ಆಯಿತು. ಎರಡಕ್ಕೂ ಗಾರೆ ಹೊಯ್ದು, ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಅವನು ಮೊಳೆ ಎತ್ತಿಕೊಂಡು ಅವಳದರ ಬುಡದಲ್ಲಿ ಈ ಸಲ ಚುಕ್ಕೆಯಲ್ಲೇ ನಿಲ್ಲಿಸದೆ ಪೂರ್ತಿ ಬರೆದ. ಅವಳು ಮೊಳೆ ಕಸಿದುಕೊಂಡು, ಎಡಗೈಯನ್ನು ಗೋಡೆಯ ಹಾಗೆ ಅಡ್ಡ ಹಿಡಿದು, ನಾಲಿಗೆ ಹೊರಗೆ ಚಾಚಿಕೊಂಡು, ಅವನದರ ಬುಡದಲ್ಲಿ ಗೀಚಿದಳು. ಅರೆ, ಬಿಸಿ ಆಗ್ತಿದೆ ಅಂದಳು. ಆಗುತ್ತೆ, ಗಟ್ಟಿ ಆಗುವಾಗ ಹಾಗೇ ಅಂದ. ಇಬ್ಬರೂ ಅಂಗೈಯಲ್ಲಿ ಒಬ್ಬರ ಬಾಯನ್ನೊಬ್ಬರು ಇಟ್ಟುಕೊಂಡು, ಅದು ಬಿಸಿಯಾಗಿ ಮತ್ತೆ ತಣ್ಣಗಾಗುವವರೆಗೂ ನಿಂತಿದ್ದರು. ಅವಳ ಕೈಯಲ್ಲಿದ್ದ ತನ್ನ ಅಚ್ಚನ್ನು ತಿರುಗಿಸಿ ನೋಡಲು ಅವನಿಗೆ ಕೈ ತುರಿಸುತ್ತಿತ್ತು. ನೋಡಲಿಲ್ಲ. ಓದುವುದಕ್ಕಿಂತ ಮೊದಲು ಅದು ಕಿವಿಗೆ ಬೀಳಲಿ ಅನ್ನಿಸಿತು, ಅದಕ್ಕೆ.

ಇನ್ನು ನನ್ನ ಕೆಳಗಿನ ಹಲ್ಲಿನ ವಿಷಯ. ಅದೇ ಸಂಜೆ ನನ್ನ ದವಡೆಗೆ ಅದು ಒತ್ತುತ್ತಿದೆ ಅಂತ ಅವನನ್ನು ಕೆಳಗೆ ಕರೆಸಿದ್ದೆ. ನಿಜ ಹೇಳಬೇಕೆಂದರೆ ಒತ್ತುತ್ತಿರಲಿಲ್ಲ, ಬೆಳಿಗ್ಗೆಯಿಂದ ಮೆಟ್ಟಿಲ ಮೇಲೆ ಅಷ್ಟೊಂದು ಓಡಾಟ ಯಾಕೆ ಅಂತ ತಿಳಿಯಬೇಕಿತ್ತು. ಅವನು ನನ್ನ ಬಾಯಿಗೆ ಮೇಣ ತುಂಬಿ, ಎದುರು ಕೂತು, ಹಲ್ಲಿನ ಸಾಲನ್ನು ಅರದಿಂದ ಉಜ್ಜುತ್ತ ಇಷ್ಟನ್ನೂ ಹೇಳಿದ. ನಾನು ಮೇಣ ಉಗುಳಿ, ಬುಡದಲ್ಲಿ ಏನು ಬರೆದಿದ್ದಾಳೆ ಅಂತ ಕೇಳುವಷ್ಟರಲ್ಲಿ ಮೇಲಿನಿಂದ ಆ ಹುಡುಗಿ ಕೂಗಿದಳು. ಬಡಿತವಲ್ಲ, ಚಮಚವಲ್ಲ, ಬಾಯಿ ತುಂಬ, ಒಂದೇ ಒಂದು ಪದ. ಇಡೀ ಕಟ್ಟಡದಲ್ಲಿ ಕೇಳಿಸಿತು, ಆಚೆ ಬೀದಿಯ ನಾಯಿ ಕೂಡ ಕಿವಿ ನಿಗುರಿಸಿತು. ಅವನು ಬಂದೆ ಅಂದ. ಬಂದೆ ಅಂದ ರೀತಿ ಹೇಗಿತ್ತೆಂದರೆ, ಕುರ್ಚಿ ಉರುಳಿತು, ಒಂದು ಚಪ್ಪಲಿ ಇಲ್ಲೇ ಉಳಿಯಿತು, ನನ್ನ ಕೆಳಗಿನ ಹಲ್ಲು ಅವನ ಕೈಯಲ್ಲೇ ಮೆಟ್ಟಿಲು ಹತ್ತಿ ಹೋಯಿತು. ಇನ್ನೂ ವಾಪಸು ಬಂದಿಲ್ಲ.

ನನಗೆ ಆ ಪದ ಸರಿಯಾಗಿ ಕೇಳಿಸಿತು, ಕಿವಿ ಇನ್ನೂ ಚುರುಕಾಗಿದೆ. ಆದರೆ ಅದನ್ನು ಸರಿಯಾಗಿ ಹೇಳಲು ಕೆಳಗಿನ ಹಲ್ಲು ಬೇಕು. ನೀವು ಅಪ್ಪ ಅಂದುಕೊಂಡಿದ್ದರೆ, ಅಲ್ಲ. ಅದು ಅವಳ ಅಪ್ಪಂದು ಅಂತ ಅವಳೇ ಹೇಳಲಿಲ್ಲವೇ? ಹಲ್ಲು ಅಂದುಕೊಂಡಿದ್ದರೆ ಪಕ್ಕದ ಬೀದಿಯವರೆಗೆ ಬಂದಿರಿ, ಮನೆ ಸಿಗಲಿಲ್ಲ. ಅವಳನ್ನೂ ನೋಡಿದ್ದೀರಿ, ಅವನನ್ನೂ ನೋಡಿದ್ದೀರಿ, ಆ ಎತ್ತಿದ ಕಾಲನ್ನೂ ನೋಡಿದ್ದೀರಿ. ಎಲ್ಲಿ, ಈಗ ನೀವೇ ಹೇಳಿ ನೋಡೋಣ, ಏನಂತ ಕರೆದಿರಬಹುದು?